ಮೀಡಿಯಂ ವೇವ್ ಡಿಜಿಟಲ್ ಆದಾಗ ಖರ್ಚು ಬಿದ್ದದ್ದೆಲ್ಲಿ?

ಆಕಾಶವಾಣಿಯ ಮೀಡಿಯಂ ವೇವ್ ಕೇಂದ್ರಗಳಿಗೆ ಡಿಆರ್‌ಎಂ (ಡಿಜಿಟಲ್ ರೇಡಿಯೋ ಮೊಂಡಿಯಲ್ ಎಂಬ ಡಿಜಿಟಲ್ ಪ್ರಸಾರ ಪದ್ಧತಿ) ಬಂದ ಕಾಲದಲ್ಲಿ ನಾನು 200 ಕಿಲೋವಾಟ್‌ನ ಒಂದು ಟ್ರಾನ್ಸ್‌ಮಿಟರ್ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದೆ. ಹೊಸ ಟ್ರಾನ್ಸ್‌ಮಿಟರ್ ಬಂದರೆ ಡಿಜಿಟಲ್ ಆದ ಹಾಗೆ ಎಂದೇ ಹೊರಗಿನವರು ತಿಳಿದಿದ್ದರು. ಟ್ರಾನ್ಸ್‌ಮಿಟರ್ ಕೊಳ್ಳುವುದು ಒಂದು ಸಲದ ಖರ್ಚು. ವರ್ಷ ವರ್ಷವೂ ನಮ್ಮ ಕೈ ಹಿಡಿದು ಕೆಲಸ ಮಾಡಿಸಿದ್ದು ಆಂಟೆನಾ ಆಗಿ ನಿಂತ ಮಾಸ್ಟ್, ಟ್ರಾನ್ಸ್‌ಮಿಟರನ್ನು ಅದಕ್ಕೆ ಹೊಂದಿಸುವ ಎಟಿಯು (ಆಂಟೆನಾ ಟ್ಯೂನಿಂಗ್ ಯೂನಿಟ್), ನೆಲದಡಿಯ ತಂತಿಜಾಲವಾದ ಅರ್ಥ್.

ಬರೀ ಎಎಂ, ಅಂದರೆ ಹಳೆಯ ಅನಲಾಗ್ ಪ್ರಸಾರ ಆದರೆ, ಧ್ವನಿಯನ್ನು ಹೊತ್ತೊಯ್ಯುವ ಮೂಲ ಅಲೆಯಾದ ಕ್ಯಾರಿಯರ್‌ನ ಎರಡೂ ಬದಿ ನಾಲ್ಕೈದು ಕಿಲೋಹರ್ಟ್ಸ್‌ವರೆಗೆ ಆಂಟೆನಾ ಮ್ಯಾಚ್ ಆದರೆ ನಡೆಯುತ್ತದೆ. ಎಎಂ, ಡಿಜಿಟಲ್ ಎರಡನ್ನೂ ಒಟ್ಟಿಗೆ ಕಳಿಸುವ ಸೈಮಲ್‌ಕಾಸ್ಟ್‌ನಲ್ಲಿ ಎಎಂ ಪಕ್ಕದ ಚಾನೆಲ್‌ನಲ್ಲೇ ಡಿಜಿಟಲ್ ಸಿಗ್ನಲ್ ಕೂರುತ್ತದೆ. ಅಲ್ಲಿವರೆಗೂ ಮ್ಯಾಚಿಂಗ್ ಸಮವಾಗಿರಬೇಕು. ನೂರು ಮೀಟರ್ ದಾಟಿದ ಮಾಸ್ಟ್‌ನ ಬುಡದಲ್ಲಿರುವ ಎಟಿಯು ಕೋಣೆಯಲ್ಲಿ ಕಾಯಿಲ್‌ನ ಟ್ಯಾಪ್ ಒಂದಿಷ್ಟು ಸರಿಸಿದರೂ ಅಂಚಿನ ಅಳತೆಗಳು ಬದಲಾಗುತ್ತವೆ. ಮಳೆಗಾಲದಲ್ಲಿ ನೆಲ ನೆನೆದರೆ ಒಂದು ರೀಡಿಂಗ್, ಬೇಸಿಗೆಯಲ್ಲಿ ಇನ್ನೊಂದು. ಎಎಂ ಇದನ್ನೆಲ್ಲ ಸಹಿಸಿಕೊಳ್ಳುತ್ತದೆ, ಧ್ವನಿ ಸ್ವಲ್ಪ ಮಂಕಾಗಬಹುದು ಅಷ್ಟೆ. ಡಿಜಿಟಲ್‌ನಲ್ಲಿ ಗುಣಮಟ್ಟ ಒಂದು ಮಟ್ಟಕ್ಕಿಂತ ಇಳಿದರೆ ದೂರದ ಕೇಳುಗನ ಸೆಟ್ ಮೌನವಾಗಿಬಿಡುತ್ತದೆ. ಆದ್ದರಿಂದ ಹುಲ್ಲು ಕೊಯ್ಯಿಸುವುದು, ನೆಲದಡಿ ಹರಡಿದ ತಾಮ್ರದ ತಂತಿಗಳ ಜೋಡಣೆ ನೋಡುವುದು, ಅವು ಕಳುವಾಗದಂತೆ ಕಾಯುವುದು ಎಲ್ಲವೂ ಡಿಜಿಟಲ್‌ನ ನಿರ್ವಹಣೆಯೇ. ಬಜೆಟ್ ಬರೆಯುವವರಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ.

ಟ್ರಾನ್ಸ್‌ಮಿಟರ್ ಒಳಗಿನ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಡಿಲೇ ಹೊಂದಿಸುವುದು. ಡಿಆರ್‌ಎಂ ಸಿಗ್ನಲ್‌ನ ಫೇಸ್ ಒಂದು ದಾರಿಯಲ್ಲಿ, ಆಂಪ್ಲಿಟ್ಯೂಡ್ ಇನ್ನೊಂದು ದಾರಿಯಲ್ಲಿ ಸಾಗಿ ಕೊನೆಯ ಹಂತದಲ್ಲಿ ಕೂಡುತ್ತವೆ. ಎರಡೂ ಒಂದೇ ಗಳಿಗೆಗೆ ತಲುಪಬೇಕು. ಸ್ಪೆಕ್ಟ್ರಮ್ ಅನಲೈಜರ್ ಮುಂದೆ ಕೂತು ಮೈಕ್ರೋಸೆಕೆಂಡಿನ ಸಣ್ಣ ಸಣ್ಣ ಭಾಗಗಳಲ್ಲಿ ಡಿಲೇ ಬದಲಿಸುತ್ತಾ ಹೋದರೆ ಸಿಗ್ನಲ್‌ನ ಎರಡೂ ಪಕ್ಕ ಎದ್ದಿದ್ದ ಭುಜಗಳು, ಅಂದರೆ ಪಕ್ಕದ ಚಾನೆಲ್‌ಗಳಿಗೆ ಸೋರುವ ಶಕ್ತಿ, ನಿಧಾನವಾಗಿ ಇಳಿಯುತ್ತವೆ. ಒಂದು ಹಂತ ಮೀರಿಸಿದರೆ ಮತ್ತೆ ಏಳುತ್ತವೆ. ಪವರ್ ಮಾಡ್ಯೂಲ್ ಬದಲಿಸಿದಾಗಲೆಲ್ಲ ಇದನ್ನು ಮತ್ತೊಮ್ಮೆ ಪರೀಕ್ಷಿಸುವ ರೂಢಿ ಇಟ್ಟುಕೊಂಡಿದ್ದೆವು.

ಕಾರ್ಯಕ್ರಮವನ್ನು ಡಿಜಿಟಲ್ ಸಿಗ್ನಲ್ ಆಗಿಸುವ ಕಂಟೆಂಟ್ ಸರ್ವರ್, ಮಾಡ್ಯುಲೇಟರ್, ಸಮಯ ಹೊಂದಿಸುವ ಜಿಪಿಎಸ್ ರಿಸೀವರ್ ಇವುಗಳಿಗೆ ಒಳ್ಳೆಯ ಯುಪಿಎಸ್ ಬೇಕೇ ಬೇಕು. ಕರೆಂಟ್ ಕಣ್ಣು ಮಿಟುಕಿಸಿದರೆ ಎಎಂ ಕೂಡಲೇ ವಾಪಸ್ ಬರುತ್ತದೆ. ಸರ್ವರ್ ಮತ್ತೆ ಏಳಬೇಕು, ಆಮೇಲೆ ಕೇಳುಗರ ಸೆಟ್ ಸಿಗ್ನಲ್ ಹಿಡಿಯಬೇಕು, ಅಷ್ಟರಲ್ಲಿ ವಾರ್ತೆಯ ಮುಖ್ಯಾಂಶ ಮುಗಿದಿರುತ್ತದೆ. ಬ್ಯಾಟರಿ, ಎಸಿ, ಧೂಳು ಸೋಸುವ ಫಿಲ್ಟರ್ ಸಣ್ಣ ಖರ್ಚುಗಳೇ, ಆದರೆ ತಪ್ಪುವಂತಿಲ್ಲ.

ದೊಡ್ಡ ಲೆಕ್ಕ ಕರೆಂಟ್ ಬಿಲ್ಲಿನದು. 200 ಕಿಲೋವಾಟ್ ಕ್ಯಾರಿಯರ್, ಶೇ. 85 ದಕ್ಷತೆ ಎಂದು ಹಿಡಿದರೆ ಟ್ರಾನ್ಸ್‌ಮಿಟರ್ 235 ಕಿಲೋವಾಟ್ ಎಳೆಯುತ್ತದೆ. ಮಾಡ್ಯುಲೇಶನ್ ಸೇರಿದರೆ ಇನ್ನೂ ಹೆಚ್ಚು. ದಿನಕ್ಕೆ 18 ಗಂಟೆ ನಡೆಸಿದರೆ 4,230 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ ದಿನಕ್ಕೆ ಸುಮಾರು 34,000 ರೂಪಾಯಿ. ಅದೇ ಟ್ರಾನ್ಸ್‌ಮಿಟರ್ ಪೂರ್ತಿ ಡಿಜಿಟಲ್‌ನಲ್ಲಿ ಸರಾಸರಿ 80 ಕಿಲೋವಾಟ್ ಹೊರಬಿಟ್ಟರೆ ಬಿಲ್ ಅರ್ಧಕ್ಕೂ ಕೆಳಗಿಳಿಯುತ್ತದೆ. ಮೇಲಾಗಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮಗಳನ್ನೂ, ಪಠ್ಯ ಮಾಹಿತಿಯನ್ನೂ ಒಟ್ಟಿಗೆ ಕಳಿಸಬಹುದು. ಸೈಮಲ್‌ಕಾಸ್ಟ್‌ನಲ್ಲಿ ಈ ಉಳಿತಾಯ ಸಿಗುವುದಿಲ್ಲ. ಎಎಂ ಕ್ಯಾರಿಯರ್ ತನ್ನ ಪಾಲಿನ ಕರೆಂಟ್ ತಿನ್ನುತ್ತಲೇ ಇರುತ್ತದೆ, ಡಿಜಿಟಲ್‌ಗೆ ಸಿಗುವುದು ಒಟ್ಟು ಶಕ್ತಿಯ ಚಿಕ್ಕ ಪಾಲು.

ಹಾಗೆಂದು ಎಎಂ ನಿಲ್ಲಿಸಿ ಎನ್ನಲು ನನ್ನ ಬಾಯಿ ಬರುವುದಿಲ್ಲ. ಹೊಲದಲ್ಲಿ ಕೃಷಿರಂಗ ಕೇಳುವ ರೈತನ ಕೈಯಲ್ಲಿರುವುದು ಹಳೆಯ ಟ್ರಾನ್ಸಿಸ್ಟರ್. ಡಿಆರ್‌ಎಂ ಹಿಡಿಯುವ ಸೆಟ್‌ಗಳು ಹೆಚ್ಚಾಗಿ ಹೊಸ ಕಾರುಗಳಲ್ಲಿವೆ. ಅದೇ ಕಾರ್ಯಕ್ರಮ ಎಫ್‌ಎಂನಲ್ಲೂ ಸಿಗುವ ಊರುಗಳಲ್ಲಿ ಮಧ್ಯಾಹ್ನದ ಕೆಲವು ಗಂಟೆಗಳನ್ನು ಮೊದಲು ಪೂರ್ತಿ ಡಿಜಿಟಲ್ ಮಾಡಿ, ಸೆಟ್‌ಗಳ ಬೆಲೆ ಇಳಿದಂತೆ ಸಮಯ ವಿಸ್ತರಿಸುವುದು ಸರಿಯಾದ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಹೀಗೆ ಉಳಿಯುವ ಬಿಲ್ ಹಣದಲ್ಲಿ ಒಂದು ಭಾಗವನ್ನು ಎಟಿಯು ಮತ್ತು ಅರ್ಥ್‌ಗೆಂದೇ ಎತ್ತಿಡಬೇಕು. ಟ್ರಾನ್ಸ್‌ಮಿಟರ್‌ನ ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ) ಅವು ಸೇರಿರುವುದನ್ನು ನಾನಂತೂ ಕಂಡಿಲ್ಲ.