ನಮ್ಮ ಕಾಫಿ ಕ್ಯೂರಿಂಗಿಗೆ ಹೊರದೇಶದ ಬಂಡವಾಳ ಬಂದ ಬಗೆ

ತೆರಿಗೆ ರಿಯಾಯಿತಿ ಕೊಟ್ಟರೆ ವಿದೇಶಿ ಹೂಡಿಕೆ ತಾನಾಗಿ ಬರುತ್ತದೆ ಎಂದು ಭಾಷಣಗಳಲ್ಲಿ ಕೇಳುತ್ತಿರುತ್ತೇವೆ. ಹಾಸನದಲ್ಲಿ ಆಡಿಟರ್ ಆಗಿರುವ ನಾನು, ನಮ್ಮ ಕಕ್ಷಿದಾರರೊಬ್ಬರ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು, ಬೀಜ ವಿಂಗಡಿಸುವ) ಕಂಪನಿಗೆ ಅವರ ಯುರೋಪಿನ ಖರೀದಿದಾರರಿಂದಲೇ ಬಂಡವಾಳ ತರಿಸುವ ಕೆಲಸ ಮಾಡಿದೆ. ತೆರಿಗೆಯ ವಿಚಾರಕ್ಕಿಂತ ಮೊದಲು ಆ ಖರೀದಿದಾರರು ಕೇಳಿದ್ದು ಎರಡು: ಹಾಕಿದ ದುಡ್ಡನ್ನು ವಾಪಸ್ ಒಯ್ಯಬಹುದಾ? ಜಾಗ ಯಾರ ಹೆಸರಲ್ಲಿದೆ?

ಮೊದಲನೆಯದಕ್ಕೆ ಉತ್ತರ ಸಲೀಸು. 1991ರಲ್ಲಿ ಬಾಗಿಲು ತೆರೆದಾಗ ಆಯ್ದ ಉದ್ಯಮಗಳಲ್ಲಿ ಮಾತ್ರ, ಅದೂ ಶೇ 51ರವರೆಗೆ ನೇರ ಒಪ್ಪಿಗೆ ಸಿಗುತ್ತಿತ್ತು. ಈಗ ಕಾಫಿ ಸಂಸ್ಕರಣೆಗೆ ಶೇ 100ರವರೆಗೂ ಆಟೊಮ್ಯಾಟಿಕ್ ರೂಟ್, ದೆಹಲಿಯ ಪೂರ್ವಾನುಮತಿ ಬೇಡ. ಹೂಡುವವರು ನಮ್ಮ ಗಡಿಗೆ ಅಂಟಿಕೊಂಡ ದೇಶದವರಾದರೆ ಮಾತು ಬೇರೆ. 2020ರಿಂದ ಅವರಿಗೆ ಬಿಗಿ ಜಾಸ್ತಿ. ಹೂಡಿದವರು ತೆರಿಗೆ ಕಟ್ಟಿ ಲಾಭಾಂಶ ಒಯ್ಯಬಹುದು, ಶೇರು ಮಾರಿ ಹೊರಡಲೂಬಹುದು. 2015ರಿಂದ ಕಾಫಿ ತೋಟಕ್ಕೂ ಶೇ 100 ಹೂಡಿಕೆಗೆ ಅವಕಾಶವಿದೆ. ಇದನ್ನು ಕೇಳಿದ ಕಕ್ಷಿದಾರರ ತಾಯಿ, "ಹಂಗಾದ್ರೆ ತೋಟಾನೂ ಅವರ ಪಾಲಾಯ್ತದಾ?" ಅಂದರು. "ಇಲ್ಲಮ್ಮ, ತೋಟ ಇರೋದು ನಿಮ್ಮ ಹೆಸರಲ್ಲಿ, ಕಂಪನಿ ಹೆಸರಲ್ಲಲ್ಲ" ಎಂದ ಮೇಲೇ ಕಾಫಿ ಲೋಟ ಮುಂದಕ್ಕೆ ಬಂತು.

ಸುಸ್ತು ಮಾಡಿದ್ದು ಜಾಗ. ಶೆಡ್ ಇದ್ದ ಸರ್ವೆ ನಂಬರಿನ ಪಹಣಿಯಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರು, ಪೋಡಿ (ಅಳತೆ ಮಾಡಿ ಒಬ್ಬೊಬ್ಬರ ಭಾಗ ಬೇರ್ಪಡಿಸುವುದು) ಆಗಿಲ್ಲ, ಒಬ್ಬರ ಭಾಗಕ್ಕೆ ಮಾತ್ರ ಅಲಿನೇಶನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸುವುದು) ಆಗಿದೆ. ಯುರೋಪಿನ ವಕೀಲರಿಗೆ ಪೋಡಿ ಎಂದರೇನು ಅಂತ ವಿವರಿಸುವುದಕ್ಕಿಂತ ಕೆಐಎಡಿಬಿಯ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ) ನಿವೇಶನ ಹಿಡಿಯುವುದೇ ಮೇಲು ಅನ್ನಿಸಿತು. ಅಲ್ಲಿ ಸರ್ಕಾರವೇ ಭೂಸ್ವಾಧೀನ ಮಾಡಿ, ಬಡಾವಣೆ ಮಾಡಿ ಕೊಡುವುದರಿಂದ ಹಳೆಯ ದಾಯಾದಿ ಜಗಳ ಬೆನ್ನಿಗೆ ಬರುವುದು ಕಡಿಮೆ. ಹಾಸನದ ಜವಳಿ ವಿಶೇಷ ಆರ್ಥಿಕ ವಲಯದ ಆಕರ್ಷಣೆಯಲ್ಲೂ ತೆರಿಗೆ ವಿನಾಯಿತಿಯಷ್ಟೇ ಪಾಲು ಈ ತಕರಾರಿಲ್ಲದ ಜಾಗದ್ದು ಎಂಬುದು ನನ್ನ ಅಂದಾಜು. ನಮ್ಮದು 15 ಕೋಟಿಯೊಳಗಿನ ಯೋಜನೆಯಾದ್ದರಿಂದ ಬೆಂಗಳೂರಿಗೆ ಓಡಾಡಬೇಕಾಗಲಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯಲ್ಲೇ ತೀರ್ಮಾನವಾಯಿತು.

ದುಡ್ಡು ಬಂದ ದಿನ ಇನ್ನೊಂದು ಫಜೀತಿ. ಇದೇ ಖರೀದಿದಾರರು ವರ್ಷವಿಡೀ ಕಾಫಿಗೆ ಹಣ ಕಳಿಸುವವರು ತಾನೆ? ಬ್ಯಾಂಕ್ ಶಾಖೆಯವರು ಶೇರು ಬಂಡವಾಳವನ್ನೂ ರಫ್ತಿನ ಮುಂಗಡ ಎಂದು ಪರ್ಪಸ್ ಕೋಡ್ (ಹಣ ಯಾತಕ್ಕೆ ಬಂತೆಂದು ತೋರಿಸುವ ಸಂಕೇತ) ಹಾಕಿ ಜಮಾ ಮಾಡಿಬಿಟ್ಟಿದ್ದರು. ಅದು ತಿದ್ದುಪಡಿಯಾಗದೆ, ಹೊರದೇಶದ ಹಣ ಹೂಡಿಕೆಯಾಗಿ ಬಂತೆಂದು ಬ್ಯಾಂಕ್ ಕೊಡುವ ಪ್ರಮಾಣಪತ್ರವಾದ ಎಫ್‌ಐಆರ್‌ಸಿ ಸಿಗದು, ಅದಿಲ್ಲದೆ ರಿಸರ್ವ್ ಬ್ಯಾಂಕಿಗೆ, ವಿದೇಶಿಯರಿಗೆ ಶೇರು ಕೊಟ್ಟ ವರದಿಯಾದ ಎಫ್‌ಸಿ-ಜಿಪಿಆರ್ ಸಲ್ಲಿಸಲಾಗದು. ಹಣ ಬಂದ 60 ದಿನದೊಳಗೆ ಶೇರು ಹಂಚಬೇಕು, ಹಂಚಿದ 30 ದಿನದೊಳಗೆ ಆ ಫಾರ್ಮು ಹೋಗಬೇಕು. ಶೇರಿನ ಬೆಲೆ ನ್ಯಾಯಬೆಲೆಗಿಂತ ಕಡಿಮೆ ಇರಕೂಡದು, ಅದಕ್ಕೊಂದು ಮೌಲ್ಯಮಾಪನ ಪ್ರಮಾಣಪತ್ರ. ಕಳಿಸುವವರ ಬ್ಯಾಂಕಿನಿಂದ ಕೆವೈಸಿ ವರದಿ ಬೇರೆ. ಈಗ ಯಾರೇ ಕೇಳಿದರೂ ನಾನು ಹೇಳುವುದು: ಹಣ ಹೊರಡುವ ಮುನ್ನ ಶಾಖೆಯ ಫಾರೆಕ್ಸ್ ಡೆಸ್ಕಿಗೆ ಬೋರ್ಡ್ ನಿರ್ಣಯದ ಪ್ರತಿ ಕೊಟ್ಟು, ಇದು ಬಂಡವಾಳ ಎಂದು ಬರವಣಿಗೆಯಲ್ಲಿ ತಿಳಿಸಿಡಿ.

ವಿದೇಶಿ ಶೇರುದಾರರು ಇರುವವರೆಗೆ ಪ್ರತಿ ವರ್ಷ ಜುಲೈ 15ರೊಳಗೆ ರಿಸರ್ವ್ ಬ್ಯಾಂಕಿಗೆ, ಕಂಪನಿಯ ವಿದೇಶಿ ಹೊಣೆ-ಆಸ್ತಿಗಳ ಲೆಕ್ಕವಾದ ಎಫ್‌ಎಲ್‌ಎ ರಿಟರ್ನ್ ಕೊಡಬೇಕು, ಆ ವರ್ಷ ಹೊಸ ಹಣ ಬರಲಿ ಬಿಡಲಿ. ಜುಲೈನಲ್ಲಿ ನಮ್ಮ ಆಫೀಸಿನಲ್ಲಿ ಇನ್‌ಕಮ್ ಟ್ಯಾಕ್ಸ್ ಜಾತ್ರೆ. ಆಡಿಟ್ ಆಗದ ಲೆಕ್ಕದ ಮೇಲೂ ಇದನ್ನು ಸಲ್ಲಿಸಿ ಆಮೇಲೆ ತಿದ್ದಬಹುದಾದ್ದರಿಂದ ನಾನು ಜೂನ್‌ನಲ್ಲೇ ಕೈತೊಳೆದುಕೊಳ್ಳುತ್ತೇನೆ.