ಸಾಕ್ಷಿ ಕಟಕಟೆ ಹತ್ತುವ ಮೊದಲು

ಕೊಪ್ಪಳ ಜಿಲ್ಲೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕನಾಗಿ ಕೆಲಸ ಮಾಡುತ್ತ ನಾನು ಕಂಡುಕೊಂಡದ್ದೆಂದರೆ, ಎಷ್ಟೋ ಪ್ರಕರಣಗಳ ಗತಿ ವಾದ ಮಂಡನೆಗೆ ಬಹಳ ಮೊದಲೇ, ದೋಷಾರೋಪಣಾ ಪಟ್ಟಿಯ ಕರಡು ಪರಿಶೀಲನೆಗಾಗಿ ನಮ್ಮ ಕಚೇರಿಗೆ ಬಂದ ದಿನವೇ ನಿಶ್ಚಯವಾಗಿಬಿಡುತ್ತದೆ. ಆದ್ದರಿಂದ ಆ ಕರಡನ್ನು ಓದಲು ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಮೊದಲು ಫಿರ್ಯಾದು, ಆಮೇಲೆ ಗಾಯದ ಪ್ರಮಾಣಪತ್ರ, ನಂತರ ಪಂಚನಾಮೆ, ಎಲ್ಲಕ್ಕೂ ಕೊನೆಗೆ ಸಾಕ್ಷಿಗಳ ಹೇಳಿಕೆ. ಠಾಣೆಯಲ್ಲಿ ಬರೆದುಕೊಂಡ ಹೇಳಿಕೆಗಳು ‘ಅವಾಚ್ಯ ಶಬ್ದಗಳಿಂದ ಬೈದು, ಜೀವ ಬೆದರಿಕೆ ಹಾಕಿದ್ದು ಇರುತ್ತದೆ’ ಎಂಬ ಒಂದೇ ಎರಕದಲ್ಲಿ ಇರುವುದರಿಂದ, ಅವನ್ನೇ ಮೊದಲು ಓದಿದರೆ ಕಡತದ ತೂತುಗಳು ಕಣ್ಣಿಗೆ ಬೀಳುವುದಿಲ್ಲ.

ಬದುವಿನ ಜಗಳದ ಒಂದು ಪ್ರಕರಣದಲ್ಲಿ ಕೊಡಲಿಯಿಂದ ಹೊಡೆದರೆಂದು ಫಿರ್ಯಾದಿನಲ್ಲಿತ್ತು, ಜಪ್ತಿಯಾದದ್ದೂ ಕೊಡಲಿಯೇ. ವೈದ್ಯರು ಮಾತ್ರ ಮೊಂಡು ವಸ್ತುವಿನಿಂದ ಆದ ಗಾಯವೆಂದು ಬರೆದಿದ್ದರು. ಈ ಎರಡೂ ಹೇಗೆ ಹೊಂದುತ್ತವೆ ಎಂದು ಯಾರೂ ಗಾಯಾಳುವನ್ನು ಕೇಳಿರಲಿಲ್ಲ. ಕರಡನ್ನು ಟಿಪ್ಪಣಿಯೊಂದಿಗೆ ಹಿಂದಿರುಗಿಸಿದ ಮೇಲೆ ತನಿಖಾಧಿಕಾರಿ ಮತ್ತೆ ವಿಚಾರಿಸಿದರು. ಆಗ ಗಾಯಾಳು ಹೇಳಿದ್ದು ಇಷ್ಟೇ: “ಕೊಡ್ಲಿ ಕಾವಿಲೆ ಹೊಡದಾನ್ರಿ.” ಅಂದರೆ ಅಲಗಿನಿಂದಲ್ಲ, ಹಿಡಿಕೆಯಿಂದ. ಆಯುಧವನ್ನು ವೈದ್ಯರಿಗೆ ತೋರಿಸಿ ಅಭಿಪ್ರಾಯ ಪಡೆದದ್ದರಿಂದ, ಪಾಟಿ ಸವಾಲಿನಲ್ಲಿ ಕುಸಿಯಬಹುದಾಗಿದ್ದ ಪ್ರಕರಣ ನಿಂತಿತು. ಭಾರತೀಯ ನ್ಯಾಯ ಸಂಹಿತೆಯ 118(1)ನೇ ಕಲಂ (ಅಪಾಯಕಾರಿ ಆಯುಧದಿಂದ ಗಾಯ) ಅನ್ವಯಿಸುತ್ತದೆಯೋ, 115(2)ಕ್ಕೆ (ಸಾಧಾರಣ ಗಾಯ) ಇಳಿಯುತ್ತದೆಯೋ ಎಂಬುದೂ ಇಂಥ ಉತ್ತರಗಳ ಮೇಲೆಯೇ ನಿಂತಿರುತ್ತದೆ. ಆರೋಪಿ ಬಂಧನದಲ್ಲಿದ್ದರೆ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಪಟ್ಟಿ ಸಲ್ಲಿಕೆಯಾಗಬೇಕು, ಇಲ್ಲವಾದರೆ ಜಾಮೀನು ಅವನ ಹಕ್ಕಾಗುತ್ತದೆ. ಹಾಗಾಗಿ ಅಂಥ ಕರಡು ನನ್ನ ಮೇಜಿನ ಮೇಲೆ ರಾತ್ರಿ ಕಳೆಯದಂತೆ ನೋಡಿಕೊಳ್ಳುತ್ತೇನೆ. 2024ರ ಜುಲೈ 1ರಿಂದ ನ್ಯಾಯ ಸಂಹಿತೆಯೂ ಸೇರಿದಂತೆ ಹೊಸ ಕಾನೂನುಗಳು ಜಾರಿಗೆ ಬಂದವು. ಅದಕ್ಕೂ ಹಿಂದಿನ ಘಟನೆಗಳಿಗೆ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಎರಡೂ ಪುಸ್ತಕಗಳು ಈಗಲೂ ಕೈಗೆಟಕುವಲ್ಲೇ ಇರಬೇಕು.

ಇನ್ನು ಸಾಕ್ಷಿಗಳ ಮಾತು. ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿ ಅಥವಾ ಕೊಯ್ಲು ನಡೆದಿರುವಾಗ ಕೂಲಿ ಬಿಟ್ಟು ನ್ಯಾಯಾಲಯಕ್ಕೆ ಬರುವುದೆಂದರೆ ಅಂದಿನ ಊಟವನ್ನೇ ಬಿಟ್ಟು ಬಂದಂತೆ. ಹಾಗೆ ಬಂದವರನ್ನು ಸಂಜೆಯವರೆಗೆ ಕೂರಿಸಿ, ಮುಂದಿನ ತಾರೀಖು ಕೊಟ್ಟು ಕಳಿಸುವುದು ನನಗೆ ಅನ್ಯಾಯವೆನಿಸುತ್ತದೆ. ಅವರ ವಿಚಾರಣೆ ಅಂದೇ ಆಗಲೆಂದು ನ್ಯಾಯಾಧೀಶರಲ್ಲಿ ಕೇಳಿಕೊಳ್ಳುತ್ತೇನೆ, ಸಾಕ್ಷಿ ಭತ್ಯೆಯ ಅರ್ಜಿಯನ್ನು ಸಿಬ್ಬಂದಿಯಿಂದ ಬರೆಸುತ್ತೇನೆ.

ಕಟಕಟೆ ಹತ್ತುವ ಮೊದಲು ಸಾಕ್ಷಿಯ ಜೊತೆ ಕುಳಿತಾಗ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ನಾನು ಮೊದಲು ಓದಿ ಹೇಳುವುದಿಲ್ಲ. ಆ ದಿನ ಏನಾಯಿತೆಂದು ಅವರ ಮಾತಿನಲ್ಲೇ ಹೇಳಲು ಬಿಡುತ್ತೇನೆ. ದಿನಾಂಕವೋ ಜೊತೆಗಿದ್ದವರ ಹೆಸರೋ ಮರೆತಿದ್ದರೆ ನೆನಪಿಸುತ್ತೇನೆ, ಆದರೆ ಕಾಣದಿದ್ದುದನ್ನು ಕಂಡೆನೆಂದು ಹೇಳಿಸುವುದಿಲ್ಲ. ‘ಸರ್ಕಾರಿ ವಕೀಲರು ನಿಮಗೆ ಹೇಳಿಕೊಟ್ಟಿದ್ದಾರಲ್ಲವೇ’ ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ಹೆದರಿದ ಸಾಕ್ಷಿ ‘ಭೇಟಿಯೇ ಆಗಿಲ್ಲ’ ಎಂದು ಸುಳ್ಳು ಹೇಳಿ, ಅಲ್ಲಿಯವರೆಗೆ ಹೇಳಿದ ನಿಜವನ್ನೂ ಕಳೆದುಕೊಳ್ಳುತ್ತಾನೆ. ನಾವು ಮಾತಾಡಿದ್ದು ಮುಚ್ಚಿಡುವ ವಿಷಯವಲ್ಲ, ನಡೆದಂತೆ ಹೇಳಿ ಎಂದು ಪ್ರತಿಯೊಬ್ಬರಿಗೂ ತಿಳಿಸುತ್ತೇನೆ.

ಇಷ್ಟಾದರೂ ಸಾಕ್ಷಿಗಳು ತಿರುಗಿ ಬೀಳುತ್ತಾರೆ, ಅದರಲ್ಲೂ ಪಂಚನಾಮೆಗೆ ಸಹಿ ಹಾಕಿದ ಪಂಚರು: “ಸಹಿ ನಂದೇರಿ, ಏನ್ ಬರದಾರ ಗೊತ್ತಿಲ್ರಿ.” ಆಗ ಭಾರತೀಯ ಸಾಕ್ಷ್ಯ ಅಧಿನಿಯಮದ 157ನೇ ಕಲಮಿನಡಿ ಅನುಮತಿ ಪಡೆದು ನಮ್ಮದೇ ಸಾಕ್ಷಿಗೆ ಪಾಟಿ ಸವಾಲು ಮಾಡಬೇಕಾಗುತ್ತದೆ. ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂಬ ಸೂಚನೆಯೊಂದಿಗೆ ಅದನ್ನು ಮುಗಿಸಿಬಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅವರ ಹೊಲ ಎಲ್ಲಿದೆ, ಆ ದಿನ ಪೊಲೀಸರು ಆ ಜಾಗಕ್ಕೆ ಬಂದಿದ್ದರೇ, ಸಹಿ ಎಲ್ಲಿ ಕುಳಿತು ಹಾಕಿದರು, ಫೋಟೋದಲ್ಲಿ ನಿಂತಿರುವವರು ಯಾರು ಎಂದು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತ ಹೋದರೆ ನಿರಾಕರಿಸಲಾಗದ ಕೆಲವು ಸಂಗತಿಗಳು ದಾಖಲೆಗೆ ಬರುತ್ತವೆ. ಪ್ರತಿಕೂಲ ಸಾಕ್ಷಿಯ ನುಡಿ ಪೂರ್ತಿ ಅಳಿಸಿಹೋಗುವುದಿಲ್ಲ, ನಂಬಲರ್ಹವಾದ ಭಾಗವನ್ನು ಬಳಸಬಹುದು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ನಮ್ಮ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಕಡತ ನನ್ನದಾಗಿರಲಿಲ್ಲ. ಆದರೂ ಅದೇ ಊರಿನಲ್ಲಿ, ಅದೇ ಜನರ ನಡುವೆ ಹತ್ತು ವರ್ಷ ಬಾಳುತ್ತ ತಮ್ಮ ಮಾತಿಗೆ ಅಂಟಿಕೊಂಡ ಸಾಕ್ಷಿಗಳ ಗಟ್ಟಿತನ ಎಂಥದೆಂದು ಈ ಕೆಲಸದಲ್ಲಿರುವವರಿಗೆ ಗೊತ್ತು.

ಬಿಡುಗಡೆಯ ತೀರ್ಪು ಬಂದಾಗ ಮೇಲ್ಮನವಿ ಯೋಗ್ಯವೇ ಎಂದು ನಾವು ಅಭಿಪ್ರಾಯ ಬರೆಯಬೇಕು. ಯೋಗ್ಯವಲ್ಲವೆಂದು ಬರೆಯುವಾಗ, ತನಿಖೆಯ ಯಾವ ಹಂತದಲ್ಲಿ ಸಾಕ್ಷ್ಯ ಕೈತಪ್ಪಿತು ಎಂಬುದನ್ನೂ ನಾನು ಸ್ಪಷ್ಟವಾಗಿ ನಮೂದಿಸುತ್ತೇನೆ. ಅದರ ಒಂದು ಪ್ರತಿ ಸಂಬಂಧಪಟ್ಟ ಠಾಣೆಗೂ ಹೋಗುತ್ತದೆ.