ಮಗಳನ್ನು ಯಾರ ಕೈಗೆ ಕೊಡುವುದು: ನನ್ನ ಅನುಭವ

ಹೆರಿಗೆ ರಜೆ 26 ವಾರ. ಅದರಲ್ಲಿ ಮೂರು ವಾರ ಹೆರಿಗೆಗೆ ಮೊದಲೇ ಕಳೆದಿತ್ತು. ಮಗಳಿಗೆ ನಾಲ್ಕು ತಿಂಗಳು ತುಂಬಿದ ದಿನ ಲೆಕ್ಕ ಹಾಕಿದರೆ, ಕಾಲೇಜಿಗೆ ಮತ್ತೆ ಪಾಠಕ್ಕೆ ಹೋಗಲು ಉಳಿದಿದ್ದು ಐದೇ ವಾರ. ಅಮ್ಮ ಬಾಣಂತನ ಮುಗಿಸಿ ಊರಿಗೆ ಹೋಗಿದ್ದರು. ಅತ್ತೆಗೆ ಮಂಡಿನೋವು, ಮಗು ಎತ್ತಿಕೊಂಡು ಓಡಾಡಲು ಆಗದು. ಹಾಸನದ ವಿದ್ಯಾನಗರದ ನಮ್ಮ ಮನೆಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಯಾರಾದರೂ ಬೇಕೇ ಬೇಕಿತ್ತು.

ಅಂಗನವಾಡಿ ಟೀಚರಿಗೆ, ಹಾಲಿನ ಬೂತಿನವರಿಗೆ, ಮಗಳಿಗೆ ಎಣ್ಣೆ ನೀರು ಹಾಕುತ್ತಿದ್ದ ಅಜ್ಜಿಗೆ ಹೇಳಿಟ್ಟೆ. ಹತ್ತು ದಿನದಲ್ಲಿ 17 ಫೋನು ಬಂದವು. ಎಲ್ಲರನ್ನೂ ಮನೆಗೆ ಕರೆಯುವುದು ಅವರಿಗೂ ಕಷ್ಟ, ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಫೋನಿನಲ್ಲೇ ಎರಡು ವಿಷಯ ಕೇಳಿಬಿಡುತ್ತಿದ್ದೆ. ಒಂದು, ಎಲ್ಲಿಂದ ಬರುತ್ತೀರಿ, ಬೆಳಿಗ್ಗೆ ನಿಮಗೆ ಯಾವ ಬಸ್ಸು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ದುದ್ದ, ಶಾಂತಿಗ್ರಾಮ, ಆಲೂರಿನಿಂದಲೂ ಕೇಳಿದರು. ಆದರೆ ಚಾರ್ಜಿಲ್ಲ ಅಂದಮಾತ್ರಕ್ಕೆ ಒಂಬತ್ತಕ್ಕೆ ಬಸ್ಸು ತಲುಪಬೇಕೆಂದಿಲ್ಲ. ಇನ್ನೊಂದು, ಕಾಫಿ ಹಣ್ಣು ಬಿಡಿಸಲು ಹೋಗುತ್ತೀರಾ? ಡಿಸೆಂಬರಿನಿಂದ ಸಕಲೇಶಪುರ, ಆಲೂರಿನ ತೋಟಗಳಲ್ಲಿ ಆಳು ಸಾಲದು, ದುಡಿದಷ್ಟೂ ಕಾಸು. ಹೋಗುವವರದು ತಪ್ಪಲ್ಲ, ಆದರೆ ಅದು ಮೊದಲೇ ನನಗೆ ಗೊತ್ತಿರಬೇಕು. ಇಬ್ಬರು "ಹೋಗ್ತೀವಿ ಮೇಡಂ" ಎಂದು ನೇರವಾಗಿ ಹೇಳಿದರು. ಅವರ ಮೇಲೆ ಗೌರವವೇ ಬಂತು.

ಒಬ್ಬರು ಗಂಡಸು ಫೋನ್ ಮಾಡಿ, "ನಮ್ಮಣ್ಣನ ಮಗಳನ್ನ ಕಳಿಸ್ತೀನಿ, ಹದಿಮೂರು ವರ್ಷ, ಚುರುಕಾಗವ್ಳೆ, ಊಟ ಬಟ್ಟೆ ಕೊಟ್ರೆ ಸಾಕು" ಅಂದರು. ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ ಎಂದೆ. ಯಾವ ಶಾಲೆ ಎಂದು ಕೇಳಿದೆ, ಅವರು ಲೈನ್ ಕಟ್ ಮಾಡಿದರು. ಅದೇ ನಂಬರನ್ನು ಮಕ್ಕಳ ಸಹಾಯವಾಣಿ 1098ಕ್ಕೆ ಕೊಟ್ಟೆ. ಆ ರಾತ್ರಿ ಮಗಳಿಗೆ ಹಾಲು ಕುಡಿಸುವಾಗಲೂ ಆ ಹುಡುಗಿಯದೇ ಯೋಚನೆ.

ಜಾತಿ ಕೇಳಲಿಲ್ಲ. ಅತ್ತೆಗೆ ಅದು ಬೇಕಿತ್ತು. ಮಗುವನ್ನು ಎತ್ತಿಕೊಳ್ಳುವ ಕೈ ಶುದ್ಧವಾಗಿರಬೇಕು, ಅದಕ್ಕೆ ಸೋಪು ಇದೆ ಎಂದೆ. ಒಂದೆರಡು ದಿನ ಮಾತು ಬಿಟ್ಟರು, ಆಮೇಲೆ ಸರಿಹೋದರು.

ಕೊನೆಗೆ ಆರು ಜನರನ್ನು ಕರೆದೆ. ಮೊದಲಿಬ್ಬರಿಗೆ ನಾನು ಕೇಳಿದ್ದೇ ತಪ್ಪು ಪ್ರಶ್ನೆ. "ಮಗು ಅತ್ತರೆ ಏನು ಮಾಡ್ತೀರಿ?" ಎಂದರೆ "ಸಮಾಧಾನ ಮಾಡ್ತೀನಿ" ಅನ್ನದೆ ಇನ್ನೇನು ಅಂದಾರು? ಮೂರನೆಯವರಿಂದ ಪ್ರಶ್ನೆ ಬದಲಾಯಿಸಿದೆ. "ನೀವು ನೋಡಿಕೊಂಡ ಮಗು ತುಂಬಾ ಅತ್ತ ಒಂದು ದಿನ ನೆನಪಿಸಿಕೊಳ್ಳಿ. ಎಷ್ಟು ಹೊತ್ತಾಗಿತ್ತು, ಮನೇಲಿ ಯಾರಿದ್ರು, ಏನು ಮಾಡಿದ್ರಿ?" ನಡೆದದ್ದನ್ನು ಕೇಳಿದರೆ ಜನ ನಿಜ ಹೇಳುತ್ತಾರೆ, ಹೇಳಬಾರದ್ದೂ ಹೊರಗೆ ಬರುತ್ತದೆ. ನಯವಾದ ಮಾತಿನ ಒಬ್ಬರು, "ರಚ್ಚೆ ಹಿಡಿದ್ರೆ ನೆಗಡಿ ಸಿರಪ್ಪು ಅರ್ಧ ಚಮಚ ಹಾಕ್ತಿದ್ದೆ, ಎರಡು ಗಂಟೆ ನಿದ್ದೆ" ಎಂದು ಯಾವ ಅಳುಕೂ ಇಲ್ಲದೆ ಹೇಳಿದರು. ನನ್ನ ಎದೆ ಧಸಕ್ಕೆಂದಿತು. ಇನ್ನೊಬ್ಬರು ಕೂಸಿಗೆ ಜೇನುತುಪ್ಪ ನೆಕ್ಕಿಸುತ್ತಿದ್ದರಂತೆ. ವರ್ಷ ತುಂಬುವವರೆಗೆ ಜೇನು ಕೂಡದು ಎಂದಾಗ "ಹೌದಾ, ಗೊತ್ತಿರ್ಲಿಲ್ಲ, ಯಾಕೆ?" ಎಂದು ಕೇಳಿದರು. ಅವರನ್ನು ಪಟ್ಟಿಯಲ್ಲೇ ಉಳಿಸಿಕೊಂಡೆ. ಯಾಕೆ ಎಂದು ಕೇಳುವವರಿಗೆ ಕಲಿಸಬಹುದು.

ಐದನೆಯವರು ಶಾಂತಿಗ್ರಾಮದ ಕಡೆಯವರು, ನಲವತ್ತರ ಆಸುಪಾಸು. ಒಳಗೆ ಬಂದವರೇ "ಕೈ ತೊಳಕೊಳ್ಳೋದು ಎಲ್ಲಿ ಅಕ್ಕಾ?" ಅಂದರು. ನನ್ನ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇದು: "ಹಿಂದಿನ ಮನೇಲಿ ನಾನು ಹುಣಸೆಹಣ್ಣು ಬಿಡಿಸ್ತಾ ಕೂತಿದ್ದೆ. ಒಂಬತ್ತು ತಿಂಗಳ ಮಗು ಅಂಬೆಗಾಲಿಟ್ಕೊಂಡು ಬಂದು ಬೀಜ ಬಾಯಿಗೆ ಹಾಕ್ಕೊಂಬಿಡ್ತು. ಉಸಿರು ಸಿಕ್ಕಾಕ್ಕೊಳ್ತು. ತೊಡೆ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ ಬೆನ್ನಿಗೆ ತಟ್ಟಿದೆ, ಬಿತ್ತು. ಅವರಮ್ಮಂಗೆ ಆಗ್ಲೇ ಫೋನ್ ಮಾಡ್ದೆ. ತಪ್ಪು ನಂದೇ, ಬೀಜ ನೆಲದ ಮೇಲೆ ಬಿಡಬಾರ್ದಿತ್ತು."

ಅತ್ತೆ ಒಳಗಿನಿಂದಲೇ "ಇಂಥವರನ್ನ ಇಟ್ಕೋತೀಯಾ?" ಎಂದು ಸನ್ನೆ ಮಾಡಿದರು. ನನಗೆ ಮಾತ್ರ ಇಟ್ಟುಕೊಳ್ಳುವುದಾದರೆ ಇಂಥವರನ್ನೇ ಅನ್ನಿಸಿತು. ಬೇರೆಯವರ ಮಗು ನೋಡುವವರಿಂದ ತಪ್ಪೇ ಆಗದು ಎಂದು ನಾನು ನಂಬುವುದಿಲ್ಲ, ನನ್ನಿಂದಲೇ ಆಗಿವೆ. ಸಂಜೆ ಮನೆಗೆ ಬಂದಾಗ ನನಗೆ ಹೇಳದೆ ಉಳಿದುಹೋಗುವ ಸಂಗತಿಯೇ ನನ್ನ ಭಯ.

ಹಾಗೆಂದು ಮಾತಿಗೇ ಮರುಳಾಗಲಿಲ್ಲ. ಹಿಂದಿನ ಮನೆಗೆ ನಾನೇ ಹೋದೆ. ಹುಣಸೆ ಬೀಜದ ಸುದ್ದಿ ಎತ್ತದೆ, "ಅವರು ಇದ್ದಾಗ ಏನಾದರೂ ತೊಂದರೆ ಆಗಿತ್ತಾ?" ಎಂದಷ್ಟೇ ಕೇಳಿದೆ. ಆ ತಾಯಿ ಅದೇ ಕತೆಯನ್ನು ಅದೇ ರೀತಿ ಹೇಳಿದರು, ಫೋನ್ ಬಂದ ಮಾತೂ ಸೇರಿ. ಮಗು ಶಾಲೆಗೆ ಸೇರಿತು, ಅದಕ್ಕೇ ಬಿಡಿಸಿದ್ದಂತೆ. ಆಧಾರ್ ನಕಲು ಪಡೆದೆ, ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಿದೆ. ಎದೆಯ ಎಕ್ಸ್‌ರೇ ತೆಗೆಸಬೇಕು ಎಂದಾಗ ಅವರ ಮುಖ ಸಣ್ಣದಾಯಿತು. ಕ್ಷಯ ಮಕ್ಕಳಿಗೆ ಬೇಗ ಅಂಟುತ್ತದೆ, ಅದಕ್ಕೆ ಕೇಳುತ್ತಿರುವುದು ಎಂದು ವಿವರಿಸಿದೆ. ಮನೆಯಲ್ಲಿ ನನ್ನ ಗಂಡನೂ ಹೋಗಿ ತೆಗೆಸಿಕೊಂಡು ಬಂದರು. ದುಡ್ಡು ನಾವೇ ಕೊಟ್ಟೆವು.

ಆಮೇಲೆ ಮೂರು ದಿನ ಪೂರ್ತಿ ಕೂಲಿ ಕೊಟ್ಟು ನಾನು ಮನೆಯಲ್ಲಿರುವಾಗಲೇ ಬರಹೇಳಿದೆ. ಮೊದಲ ದಿನ ನಾನು ಮಾಡಿದ್ದನ್ನು ಅವರು ನೋಡಿದರು, ಎರಡನೆಯ ದಿನ ಅವರು ಮಾಡಿದ್ದನ್ನು ನಾನು. ಹಿಂಡಿಟ್ಟ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಬೇಕು, ಒಲೆ ಮೇಲೆ ಕೂಡದು ಎಂದಾಗ, ಅವರು ಡಬ್ಬದ ಮೇಲೆ ಗಂಟೆ ಬರೆಯಲು ಪೆನ್ನು ಕೇಳಿದರು. ಮೂರನೆಯ ದಿನ ಮಧ್ಯಾಹ್ನ ನಾನು ಎರಡು ಗಂಟೆ ಹೊರಗೆ ಹೋಗಿ ಬಂದೆ. ಮಗಳು ಅಂಗಾತ ಮಲಗಿ ನಿದ್ದೆ ಹೋಗಿದ್ದಳು, ಪಕ್ಕದಲ್ಲಿ ದಿಂಬಿರಲಿಲ್ಲ.

ಉಳಿದ ಐವರಿಗೂ ನಾನೇ ಫೋನ್ ಮಾಡಿ ಹೇಳಿದೆ. ಕಾದು ಕೂರುವವರಿಗೆ ಇಲ್ಲ ಎನ್ನುವ ಉತ್ತರವೂ ಬೇಕು. ಜೇನುತುಪ್ಪದವರಿಗೆ ಮಾತ್ರ, ನಮ್ಮವರು ರಜೆ ಹಾಕಿದ ದಿನ ಬರುತ್ತೀರಾ ಎಂದು ಕೇಳಿಟ್ಟೆ. ಅವರ ಮನೆ ನಮ್ಮಿಂದ ನಡೆದು ಬರುವಷ್ಟು ದೂರ. ಅಕ್ಟೋಬರಿನಲ್ಲಿ ಹಾಸನಾಂಬೆ ಬಾಗಿಲು ತೆರೆದಾಗ ಊರ ತುಂಬ ಜನ, ಶಾಂತಿಗ್ರಾಮದ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರದಾದವು. ಆ ನಾಲ್ಕು ದಿನ ಬೆಳಿಗ್ಗೆ ಎಂಟೂವರೆಗೇ ಬಂದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನೇರ ಕೈ ತೊಳೆಯಲು ಹೋದವರು ಆ ಜೇನುತುಪ್ಪದವರೇ.